ಜುಲೈನಲ್ಲಿ ಜಾಂಬೋಟಿಯಿಂದ ಖಾನಾಪುರಕ್ಕೆ ಮಲಪ್ರಭೆಯಲ್ಲಿ ಕಯಾಕ್: ಹೋಗಬಹುದಾ?

ಟಿಳಕವಾಡಿ_ಹುಡುಗ · ಶುಕ್ರವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಗೆಳೆಯರು, ಬೆಳಗಾವಿಯವರು. ಗಣೇಶಗುಡಿಯಲ್ಲಿ ಕಾಳಿ ನದಿ ರಾಫ್ಟಿಂಗ್ ಮೂರು ಸಲ ಮಾಡಿದ್ದೇವೆ. ಮೂರೂ ಸಲ ಗೈಡ್ ಜೊತೆಗಿದ್ದರು. ಈಗ ಗಾಳಿ ತುಂಬುವ ಕಯಾಕ್ ಎರಡು ಆನ್‌ಲೈನ್‌ನಲ್ಲಿ ತರಿಸಿದ್ದೇವೆ. ಒಂದೊಂದರಲ್ಲಿ ಇಬ್ಬರು ಕೂರಬಹುದು. ಉಳಿದಿಬ್ಬರು ಗಾಡಿ ತಗೊಂಡು ದಂಡೆಗುಂಟ ಬರ್ತಾರೆ.

ಜುಲೈ ಎರಡನೇ ಶನಿವಾರ ಬೆಳಿಗ್ಗೆ ಜಾಂಬೋಟಿ ಹತ್ತಿರ ಮಲಪ್ರಭೆಗೆ ಇಳಿಯೋದು, ಸಂಜೆಯೊಳಗೆ ಖಾನಾಪುರದಲ್ಲಿ ಮೇಲೆ ಬರೋದು. ರಸ್ತೆ ಲೆಕ್ಕದಲ್ಲಿ ಸುಮಾರು 20 ಕಿ.ಮೀ. ಹೊಳೆ ಡೊಂಕುಡೊಂಕಾಗಿ ಹರಿಯೋದರಿಂದ ಇನ್ನೂ ಜಾಸ್ತಿ ಇರಬಹುದು. ಲೈಫ್ ಜಾಕೆಟ್ ಇವೆ. ಹೆಲ್ಮೆಟ್ ಬೈಕಿನದೇ ನಡೆಯುತ್ತಾ?

ಮನೆಯಲ್ಲಿ ಸಿಕ್ಕಾಪಟ್ಟೆ ಬೈಯುತ್ತಿದ್ದಾರೆ. ಆ ಭಾಗದಲ್ಲಿ ಇಳಿದವರು ಯಾರಾದರೂ ಇದ್ದರೆ ಹೇಳಿ.

ಡೋಣಿ_ದಂಡೆ · 9:52

ಮನೆಯವರು ಹೇಳಿದ್ದು ಕೇಳ್ರಿ. ಚರ್ಚೆ ಮುಗಿಯಿತು.

ಕರದಂಟು_ಪ್ರಿಯ · 10:05

ಬೈಕಿನ ಹೆಲ್ಮೆಟ್ ಬೇಡ ಅಣ್ಣಾ. ಒಳಗಿನ ಸ್ಪಂಜು ನೀರು ಕುಡಿದು ಭಾರ ಆಗುತ್ತೆ. ಕಿವಿ ಮುಚ್ಚಿಕೊಳ್ಳುತ್ತೆ, ಗೆಳೆಯ ಕೂಗಿದ್ದು ಕೇಳಿಸಲ್ಲ. ಸೆಳವು ಒಳಗೆ ಹೊಕ್ಕರೆ ಕುತ್ತಿಗೆಯನ್ನೇ ಎಳೆದುಬಿಡುತ್ತೆ. ಹೊಳೆಗೆ ಹಾಕೋ ಹೆಲ್ಮೆಟ್‌ನಲ್ಲಿ ತೂತು ಇರೋದು ಅದಕ್ಕೇ.

ಹುಟ್ಟುಗೋಲು · 10:48

ನಾನೂ ಬೆಳಗಾವಿಯವನೇ. ಹತ್ತು ವರ್ಷದಿಂದ ಹುಟ್ಟು ಹಿಡಿದಿದ್ದೇನೆ. ಕಾಳಿ, ಕೊಡಗಿನ ಬರಪೊಳೆ, ಕೋಲಾಡದ ಕುಂಡಲಿಕಾ, ರಿಷಿಕೇಶದ ಗಂಗೆ ಎಲ್ಲಾ ನೋಡಿದ್ದೇನೆ. ಹೆದರಿಸಬೇಕು ಅಂತ ಬರೆಯುತ್ತಿಲ್ಲ. ಆದರೆ ತಮ್ಮಾ, ನಿನ್ನ ಪೋಸ್ಟಿನಲ್ಲಿ ಒಂದು ದೊಡ್ಡ ತಪ್ಪು ಲೆಕ್ಕ ಇದೆ.

ಕಾಳಿಯಲ್ಲಿ ನೀವು ಇಳಿದಿದ್ದು ಸೂಪಾ ಡ್ಯಾಮಿನ ಕೆಳಗೆ. ಅಲ್ಲಿ ಹರಿಯೋದು ಕರೆಂಟ್ ತಯಾರಿಸಿ ಬಿಟ್ಟ ನೀರು. ನಲ್ಲಿ ತಿರುಗಿಸಿದ ಹಾಗೆ, ಅಳತೆ ಇದ್ದ ನೀರು. ಬೇಸಿಗೆಯಲ್ಲೂ ಅಲ್ಲಿ ರಾಫ್ಟಿಂಗ್ ನಡೆಯೋದು, ಮಳೆ ಜೋರಾದಾಗ ನಿಲ್ಲೋದು ಇದೇ ಕಾರಣಕ್ಕೆ. ಜಾಂಬೋಟಿಯಲ್ಲಿ ಮಲಪ್ರಭೆಗೆ ನಲ್ಲಿ ಇಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಇನ್ನೂ ಘಟ್ಟದ ಕೂಸು. ಮೇಲೆ ಬೆಳಿಗ್ಗೆ ಹೊಡೆದ ಮಳೆ ಆಮೇಲೆ ನಿಮ್ಮ ಕಯಾಕಿನ ಕೆಳಗೆ ಬರುತ್ತೆ. ಆಗ ನಿಮ್ಮ ನೆತ್ತಿ ಮೇಲೆ ಬಿಸಿಲೇ ಇರಬಹುದು.

ನೊರೆನೀರಿಗೆ 1ರಿಂದ 6ರವರೆಗೆ ದರ್ಜೆ ಇದೆ. ನೀವು ಕಾಳಿಯಲ್ಲಿ ಮಾಡಿದ್ದು ಹೆಚ್ಚಿನದೆಲ್ಲ 2 ಮತ್ತು 3. 4 ಅಂದರೆ ದಾರಿ ಮೊದಲೇ ನೋಡಿಕೊಂಡು ಇಳಿಯಬೇಕು, ತಪ್ಪಿದರೆ ಬೇರೆಯವರು ಬಂದು ಎತ್ತಬೇಕು. 6ರ ಹತ್ತಿರ ಹೋಗೋದೇ ಬೇಡ. ಜನ ಮರೆಯೋದು ಏನಂದರೆ, ದರ್ಜೆ ಹೊಳೆಗೆ ಕೊಟ್ಟ ಶಾಶ್ವತ ಬಿರುದಲ್ಲ. ಅವತ್ತಿನ ನೀರಿಗೆ ಕೊಟ್ಟದ್ದು. ಮೇ ತಿಂಗಳಲ್ಲಿ ಮಕ್ಕಳು ಕಾಲಾಡಿಸೋ ಜಾಗ ಜುಲೈನಲ್ಲಿ 4 ಆಗಿರುತ್ತೆ.

ಕೊನೆಯದಾಗಿ, ಕಯಾಕಿನ ಮೇಲಿನ ಚೀಟಿ ಓದಿ. ಕೆರೆಗೆ ಮಾತ್ರ ಅಂತ ಬರೆದಿದೆಯಾ?

ಟಿಳಕವಾಡಿ_ಹುಡುಗ · 11:03

ಓದಿದೆ. ಶಾಂತ ನೀರಿಗೆ ಮಾತ್ರ ಅಂತ ಇದೆ. ಸಣ್ಣ ಅಕ್ಷರದಲ್ಲಿ.

ಡೋಣಿ_ದಂಡೆ · 11:04

ಈಗಲಾದರೂ ಚರ್ಚೆ ಮುಗಿಯಿತಾ?

ಖಾನಾಪುರ_ಕಾಡುಪಾಪ · ಶನಿವಾರ, ಬೆಳಿಗ್ಗೆ 7:15

ಸುಮ್ನೆ ಎಲ್ಲದಕ್ಕೂ ಬೇಡ ಅಂತಿದ್ದರೆ ನಮ್ಮ ಕಡೆ ಯಾವ ಸಾಹಸವೂ ಬೆಳೆಯಲ್ಲ ರೀ. ಕೇರಳದವರು ಕೋಝಿಕ್ಕೋಡ್ ಹತ್ತಿರ ಚಾಲಿಪ್ಪುಳ, ಇರುವಂಜಿಪ್ಪುಳ ಅಂತ ಎರಡು ಘಟ್ಟದ ಹೊಳೆಗಳಲ್ಲಿ ಮಳೆಗಾಲದಲ್ಲೇ ಕಯಾಕ್ ಸ್ಪರ್ಧೆ ನಡೆಸುತ್ತಾರೆ. ಹೊರದೇಶದವರೂ ಬರುತ್ತಾರೆ. ನಮ್ಮ ಹುಡುಗರು ಇಳಿಯಬೇಕು ಅಂದರೆ ಮಾತ್ರ ಎಲ್ಲರಿಗೂ ಹೊಟ್ಟೆನೋವು.

ಹುಟ್ಟುಗೋಲು · 7:40

ಅಲ್ಲಿ ಒಬ್ಬ ಇಳಿದರೆ ದಂಡೆ ಮೇಲೆ ಹಗ್ಗ ಹಿಡಿದು ಎಷ್ಟು ಜನ ನಿಂತಿರ್ತಾರೆ ನೋಡಿದ್ದೀರಾ? ನಾನೂ ಬೆಳೀಲಿ ಅಂತಲೇ ಹೇಳೋದು.

ಬಾಂದಾರ_ಮಾಮಾ · 8:30

ನಾನು ನೀರಾವರಿ ಕೆಲಸದಲ್ಲಿದ್ದು ನಿವೃತ್ತಿ ಆದವನು. ರಾಫ್ಟಿಂಗ್ ಗೀಫ್ಟಿಂಗ್ ನನಗೆ ಗೊತ್ತಿಲ್ಲ. ನೀರಿನ ಲೆಕ್ಕ ಗೊತ್ತು.

ಮಳೆಗಾಲದಲ್ಲಿ ದಿನಾ ಪೇಪರಿನಲ್ಲಿ ಇಷ್ಟು ಸಾವಿರ ಕ್ಯೂಸೆಕ್ ಅಂತ ಓದ್ತೀರಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಟನ್. ಎರಡು ಟ್ರೇಲರ್ ಹೂಡಿ ಕಬ್ಬು ಹೇರಿದ ಟ್ರ್ಯಾಕ್ಟರ್, ಸೆಕೆಂಡಿಗೆ ಒಂದರಂತೆ ನಿಮ್ಮ ಮುಂದೆ ಹಾದು ಹೋಗುತ್ತಿದೆ ಅಂದ್ಕೊಳ್ಳಿ. ಅದರ ಮಧ್ಯ ಇಳಿಯೋದು ನೀವು. ಇನ್ನೊಂದು, ನೀರಿನ ವೇಗ ಎರಡು ಪಟ್ಟು ಆದರೆ ತಳ್ಳುವ ಬಲ ನಾಲ್ಕು ಪಟ್ಟು ಆಗುತ್ತೆ. ಮೊಣಕಾಲುದ್ದದ ನೀರಿನಲ್ಲಿ ಗಟ್ಟಿಮುಟ್ಟು ಆಳು ಬೀಳೋದು ಇದರಿಂದಲೇ.

ಈಗ ನನ್ನ ಪ್ರಶ್ನೆ. ಜಾಂಬೋಟಿಯಿಂದ ಖಾನಾಪುರದವರೆಗೆ ಎಷ್ಟು ಬಾಂದಾರ, ಅಂದರೆ ನೀರು ತಡೆಯಲು ಹೊಳೆಗೆ ಅಡ್ಡ ಕಟ್ಟಿದ ತಗ್ಗು ಗೋಡೆ ಇವೆ, ಎಷ್ಟು ತಗ್ಗು ಸೇತುವೆ ಇವೆ? ಎಣಿಸಿದ್ದೀರಾ?

ಟಿಳಕವಾಡಿ_ಹುಡುಗ · 8:41

ಇಲ್ಲ ಮಾಮಾ. ಮ್ಯಾಪಿನಲ್ಲಿ ನೋಡಿದ್ದೆ. ಬಾಂದಾರ ಬಂದರೆ ಮೇಲಿಂದ ಜಾರಿ ಹೋಗಬಹುದು ಅಂದ್ಕೊಂಡಿದ್ದೆವು. ನಾಲ್ಕೈದು ಅಡಿ ಅಷ್ಟೇ ಅಲ್ವಾ?

ಬಾಂದಾರ_ಮಾಮಾ · 8:44

ಅಯ್ಯೋ ತಮ್ಮಾ.

ಮೂಡಲಗಿ_ಮಂಜ · 9:20

ಇದಕ್ಕೆ ನಾನು ಉತ್ತರ ಕೊಡ್ತೇನೆ. ನಮ್ಮೂರ ಕಡೆ ಹೊಳೆಗೆ ಒಂದು ಬಾಂದಾರ ಇದೆ. ನಾವು ಸಣ್ಣವರಿದ್ದಾಗ ಹೊಸ ನೀರು ಬಂದ ದಿನ ಬಾಳೆದಿಂಡು ಎಸೆದು ಆಟ ಆಡ್ತಿದ್ದೆವು. ಯಾರ ದಿಂಡು ಮೊದಲು ಕೆಳಗಿನ ಬಂಡೆ ಮುಟ್ಟುತ್ತೆ ಅಂತ ಪಂಥ. ಒಂದು ವರ್ಷ ನೀರು ಬಾಂದಾರದ ಮೇಲೆ ನೀಟಾಗಿ ಹಾಸಿದ ಹಾಗೆ ಬೀಳ್ತಿತ್ತು. ಸದ್ದೂ ಜಾಸ್ತಿ ಇರಲಿಲ್ಲ. ಶಾಲೆಗೆ ಹೋಗುವಾಗ ಮೂರು ದಿಂಡು ಎಸೆದೆವು. ಸಂಜೆ ಶಾಲೆ ಬಿಟ್ಟು ಬಂದು ನೋಡಿದರೆ ಮೂರೂ ಅಲ್ಲೇ ಇದ್ದವು! ಬಾಂದಾರದ ಬುಡದಲ್ಲಿ ಮುಳುಗೋದು, ನಾಲ್ಕು ಮಾರು ಆಚೆ ಏಳೋದು, ಮತ್ತೆ ಗೋಡೆ ಕಡೆಗೆ ವಾಪಸ್ ಬರೋದು, ಮತ್ತೆ ಮುಳುಗೋದು. ಸಿಪ್ಪೆಯೆಲ್ಲ ಸುಲಿದು ಬಿಳೀ ದಿಂಡು ಆಗಿತ್ತು.

ನಮ್ಮ ಅಜ್ಜ ಅದನ್ನು ನೋಡಿ ಅವತ್ತಿನಿಂದ ನಮ್ಮನ್ನು ಬಾಂದಾರದ ಕೆಳಗೆ ಈಜಲು ಬಿಡಲಿಲ್ಲ. ಏನೂ ಬಿಡಿಸಿ ಹೇಳಲಿಲ್ಲ. ದಿಂಡು ತೋರಿಸಿದ, ಅಷ್ಟೇ.

ಹುಟ್ಟುಗೋಲು · 9:35

ಮಂಜಣ್ಣಾ, ನಾನು ಇದನ್ನು ಎಷ್ಟು ಜನರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದೇನೋ. ನಿಮ್ಮ ಬಾಳೆದಿಂಡು ಒಂದೇ ಸಾಕಿತ್ತು.

ಆಗೋದು ಹೀಗೆ. ಬಿದ್ದ ನೀರು ತಳಕ್ಕೆ ಹೋಗುತ್ತೆ. ಅದರ ಜಾಗ ತುಂಬಲು ಮುಂದಿನ ಮೇಲ್ನೀರು ಗೋಡೆ ಕಡೆಗೆ ಹಿಂದಕ್ಕೆ ಹರಿಯುತ್ತೆ. ಬಿದ್ದವನನ್ನು ಅದು ಮತ್ತೆ ಮತ್ತೆ ಬೀಳುವ ನೀರಿನ ಕೆಳಗೇ ಒಯ್ಯುತ್ತೆ. ಅಲ್ಲಿ ನೊರೆ, ಅಂದರೆ ಅರ್ಧ ಗಾಳಿ. ಲೈಫ್ ಜಾಕೆಟ್ ಕೂಡ ಸರಿಯಾಗಿ ತೇಲಿಸಲ್ಲ. ಘಟ್ಟದ ಬಂಡೆ ನಡುವಿನ ನೊರೆಗೆ ಎಲ್ಲಾದರೂ ಒಂದು ಬಿರುಕು, ಒಂದು ಬಾಯಿ ಇರುತ್ತೆ, ಅಲ್ಲಿಂದ ತಪ್ಪಿಸಿಕೊಳ್ಳಬಹುದು. ಬಾಂದಾರ ಈ ದಂಡೆಯಿಂದ ಆ ದಂಡೆಗೆ ಗೆರೆ ಎಳೆದ ಹಾಗೆ ಕಟ್ಟಿದ್ದು. ಬಾಯಿಯೇ ಇಲ್ಲ. ನೋಡಿದರೆ ಹೆದರಿಕೆ ಆಗದ ನೀರು ಅದು.

ಮೇಲಿಂದ ಬರುವಾಗ ಅದು ಕಾಣೋದೂ ಇಲ್ಲ. ಮುಂದೆ ಹೊಳೆ ಕತ್ತರಿಸಿದ ಹಾಗೆ ಒಂದು ಗೆರೆ, ಆಚೆ ಗಿಡಗಳ ತುದಿ ಮಾತ್ರ. ಆ ಗೆರೆ ಕಂಡ ತಕ್ಷಣ ದಂಡೆಗೆ ಬಂದು ಇಳಿದು, ಹೊತ್ತುಕೊಂಡು ದಾಟಿ. ನಾನು ಈಗಲೂ ಹೊತ್ತೇ ದಾಟುತ್ತೇನೆ. ನಾಚಿಕೆ ಏನೂ ಇಲ್ಲ.

ವಿಜಯಪುರದ_ಅಕ್ಕ · 10:10

ನನಗೆ ಈಜು ಬರಲ್ಲ, ಗೈಡ್ ಜೊತೆ ರಾಫ್ಟಿಂಗ್ ಆದರೂ ಹೋಗಬಹುದಾ? ಮಗಳು ಹಟ ಹಿಡಿದಿದ್ದಾಳೆ.

ಕರದಂಟು_ಪ್ರಿಯ · 10:18

2, 3ನೇ ದರ್ಜೆಗೆ ಈಜು ಬರದವರನ್ನೂ ಜಾಕೆಟ್ ಹಾಕಿ ಕರೆದುಕೊಂಡು ಹೋಗ್ತಾರೆ ಅಕ್ಕಾ. ನೀರಿನ ಭಯ ಇದ್ದರೆ ಮೊದಲೇ ಗೈಡ್‌ಗೆ ಹೇಳಿಬಿಡಿ, ಹತ್ತಿರ ಕೂರಿಸಿಕೊಳ್ತಾರೆ. ಜಾಕೆಟ್ ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲೆ ಎತ್ತಿ ನೋಡಲಿ. ಕಿವಿ ತನಕ ಬಂದರೆ ಸಡಿಲ ಅಂತ ಅರ್ಥ.

ಬಾದಾಮಿ_ಬಂಡೆ · 10:50

ಹುಡುಗರಿಗೆ ಈಜು ಬರುತ್ತಾ ಅಂತ ಯಾರೂ ಕೇಳಲೇ ಇಲ್ಲ?

ಟಿಳಕವಾಡಿ_ಹುಡುಗ · 10:55

ಎಲ್ಲರಿಗೂ ಬರುತ್ತೆ. ಊರಿನ ಬಾವಿಯಲ್ಲಿ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಕಲಿತವರು. ಮೆಟ್ಟಿಲ ಮೇಲಿಂದ ಡೈ ಹೊಡೀತೇವೆ.

ಹುಟ್ಟುಗೋಲು · 11:20

ಬಾವಿ ಈಜು ಒಳ್ಳೆಯದೇ, ಹೆದರಿಕೆ ಹೋಗಿರುತ್ತೆ. ಆದರೆ ಹೊಳೆ ಈಜು ಬೇರೆ. ಬಾವಿಯಲ್ಲಿ ಕಾಲು ಸಿಕ್ಕರೆ ನಿಲ್ತೀರಿ ಅಲ್ವಾ? ಸೆಳವಿನಲ್ಲಿ ನಿಲ್ಲಲು ಹೋಗಲೇಬಾರದು. ಪಾದ ಎರಡು ಕಲ್ಲಿನ ನಡುವೆ ಸಿಕ್ಕಿತು ಅಂದರೆ ನೀರು ಬೆನ್ನಿಗೆ ಒದ್ದು ಮುಂದಕ್ಕೆ ಮಲಗಿಸುತ್ತೆ. ಸೊಂಟದುದ್ದ ನೀರಿನಲ್ಲೇ ಜನ ಸತ್ತಿದ್ದಾರೆ ಹೀಗೆ. ಅಂಗಾತ ಮಲಗಿ, ಕಾಲು ಹರಿವಿನ ಕಡೆ ಮುಂದೆ ಚಾಚಿ, ಬೆರಳು ನೀರಿನ ಮೇಲೆ ಕಾಣುವ ಹಾಗೆ ತೇಲಬೇಕು. ಬಂಡೆ ಬಂದರೆ ಪಾದ ಕೊಟ್ಟು ಒದೆಯಬೇಕು. ಸೆಳವು ಕಡಿಮೆ ಆದಾಗ ತಿರುಗಿ ದಂಡೆಗೆ ಈಜಬೇಕು.

ಇದಕ್ಕೆ ಒಂದೇ ಅಪವಾದ, ಅಡ್ಡ ಬಿದ್ದ ಮರ. ಮಳೆಗಾಲದಲ್ಲಿ ಘಟ್ಟದ ಹೊಳೆ ತುಂಬ ಇವೇ. ಕೊಂಬೆ ನಡುವೆ ನೀರು ಸೋಸಿ ಹೋಗುತ್ತೆ, ನೀವು ಚಹಾ ಸೋಸುವ ಜರಡಿಯಲ್ಲಿ ಪುಡಿ ನಿಂತ ಹಾಗೆ ನಿಲ್ತೀರಿ. ಅದರ ಹತ್ತಿರ ಬಂದರೆ ಕಾಲು ಮುಂದೆ ಬೇಡ. ತಲೆ ಮುಂದೆ ಮಾಡಿ ಜೋರಾಗಿ ಈಜಿ, ಮರದ ಮೇಲೆ ಹತ್ತಿಬಿಡಬೇಕು.

ಹಗ್ಗದ ಚೀಲ ಇದೆಯಾ? 15-20 ಮೀಟರ್ ತೇಲುವ ಹಗ್ಗ ಚೀಲದಲ್ಲಿ ತುಂಬಿರುತ್ತೆ. ಎಸೆಯುವ ಮೊದಲು ಕೂಗಿ, ಅವನು ನಿಮ್ಮನ್ನು ನೋಡಲಿ. ತುದಿಯನ್ನು ಕೈಗೆ, ಸೊಂಟಕ್ಕೆ ಕಟ್ಟಿಕೊಳ್ಳಬೇಡಿ. ಹಿಡಿದವನೂ ಸುತ್ತಿಕೊಳ್ಳಬಾರದು. ಕೈ ಬಿಡಲು ಆಗಬೇಕು.

ಬಾದಾಮಿ_ಬಂಡೆ · 11:34

ನಾವು ಬಾದಾಮಿಯಲ್ಲಿ ಬಂಡೆ ಹತ್ತೋರು, ಹಗ್ಗ ಕಟ್ಟಿಕೊಳ್ಳದೆ ಹೆಜ್ಜೆ ಇಡಲ್ಲ. ನೀವು ಕಟ್ಟಿಕೊಂಡರೆ ಸಾಯ್ತೀರಿ ಅಂತೀರಿ! ಎಂಥಾ ಉಲ್ಟಾ ಆಟ.

ಖಾನಾಪುರ_ಕಾಡುಪಾಪ · 11:50

ಇವರು ಬಂಡೆ ಹಿಂದೆ ನಿಂತ ನೀರಿಗೆ 'ಎಡ್ಡಿ' ಅಂತಾರಲ್ಲ, ಅದಕ್ಕೆ ಕನ್ನಡದಲ್ಲಿ ಸುಳಿ ಅಂತ ಒಬ್ಬರು ಬರೆದಿದ್ದು ನೋಡಿದೆ. ಸುಳಿ ಅಂದರೆ ನಮ್ಮವರು ಹೌಹಾರುತ್ತಾರೆ.

ಹುಟ್ಟುಗೋಲು · 11:58

ಹೌದು, ಸುಳಿ ಅನ್ನಬಾರದು. ಅದು ನಮಗೆ ತಂಗುದಾಣ. ಅಲ್ಲಿ ನಿಂತು ಮುಂದಿನದು ನೋಡೋದು. ನಾನು 'ಬಂಡೆ ಮರೆ' ಅಂತೀನಿ.

ಡೋಣಿ_ದಂಡೆ · 12:15

ಮೊಸಳೆ ವಿಷಯ ಯಾರೂ ಎತ್ತಲೇ ಇಲ್ಲ.

ಬಾಂದಾರ_ಮಾಮಾ · 12:30

ಕೃಷ್ಣೆಯಲ್ಲಿ ಇವೆ, ದಾಂಡೇಲಿ ಹತ್ತಿರ ಕಾಳಿಯಲ್ಲಿ ಇವೆ. ಅವಕ್ಕೆ ನಿಂತ ನೀರು, ಬಿಸಿಲು ಬೇಕು. ನೊರೆಯಲ್ಲಿ ಬಂದು ಕೂರಲು ಅವೇನು ಟಿಳಕವಾಡಿಯವಾ?

ಸಿಂಪಿಗ_ಸಿದ್ದು · ಮಧ್ಯಾಹ್ನ 1:05

ಗೈಡ್ ಇದ್ದರೆ ಎಲ್ಲಾ ಸರಿ ಅಂತಲೂ ಅಂದ್ಕೋಬೇಡಿ. ನನ್ನದೊಂದು ಕಥೆ. ಎಲ್ಲಿ, ಯಾರು ಅಂತ ಹೇಳಲ್ಲ. ಆಫೀಸಿನವರು ಹೋಗಿದ್ದೆವು. ಭಾನುವಾರ, ಜನಜಂಗುಳಿ. ಒಂದೇ ರಾಫ್ಟಿಗೆ ಹನ್ನೊಂದು ಜನರನ್ನು ಹತ್ತಿಸಿದರು. ನನ್ನ ಜಾಕೆಟ್ಟಿನ ಒಂದು ಬಕಲ್ ಮುರಿದಿತ್ತು. ಹೇಳಿದರೆ "ಏನೂ ಆಗಲ್ಲ ಸರ್, ದಾರ ಕಟ್ಟಿಕೊಳ್ಳಿ" ಅಂದ. ಕಟ್ಟಿಕೊಂಡೆ. ದುಡ್ಡು ಕೊಟ್ಟಾಗಿದೆ, ಎಲ್ಲರೂ ನಗ್ತಾ ಇದ್ದಾರೆ, ನಾನೊಬ್ಬ ಯಾಕೆ ತಕರಾರು ಮಾಡಲಿ ಅನ್ನಿಸಿತು.

ಮೂರನೇ ನೊರೆಯಲ್ಲಿ ಒಂದು ಮಗ್ಗುಲು ಎದ್ದಿತು. ನಾಲ್ಕು ಜನ ನೀರಿಗೆ, ಅದರಲ್ಲಿ ನಾನೂ ಒಬ್ಬ. ದಾರ ಬಿಚ್ಚಿ ಜಾಕೆಟ್ ಮುಖಕ್ಕೆ ಬಂತು. ಹಿಂದಿನ ರಾಫ್ಟಿನವರು ಭುಜದ ಪಟ್ಟಿ ಹಿಡಿದು ಎಳೆದುಕೊಂಡರು. ಹೋಗಿದ್ದು ಬರೀ ಕನ್ನಡಕ, ಚಪ್ಪಲಿ. ಆದರೆ ಆ ದಾರ ಕಟ್ಟಿಕೊಂಡ ಗಳಿಗೆ ಇನ್ನೂ ಕನಸಿನಲ್ಲಿ ಬರುತ್ತೆ.

ಈಗ ಎಲ್ಲಿ ಹೋದರೂ ಮೊದಲು ಕೇಳ್ತೀನಿ: ರಾಫ್ಟಿನಲ್ಲಿ ಎಷ್ಟು ಜನ? ಜೊತೆಗೆ ರಕ್ಷಣೆಗೆ ಕಯಾಕ್ ಇರುತ್ತಾ? ಇಳಿಯೋ ಮೊದಲು ಬಿದ್ದರೆ ಏನು ಮಾಡಬೇಕು ಅಂತ ಹೇಳಿಕೊಡ್ತೀರಾ? ಕೊನೆಯದಕ್ಕೆ ನಕ್ಕರೆ ವಾಪಸ್ ಬರ್ತೀನಿ.

ವಿಜಯಪುರದ_ಅಕ್ಕ · 1:20

ಸಿದ್ದು ಅವರೇ, ಇದನ್ನು ಮಗಳಿಗೆ ಓದಿಸಿದೆ. ಹಟ ಸ್ವಲ್ಪ ಇಳಿದಿದೆ.

ಮಹದಾಯಿ_ನಮ್ಮದು · 2:10

ಮಲಪ್ರಭೆ ಯಾಕೆ, ಮಹದಾಯಿಗೆ ಹೋಗಿ. ಹುಟ್ಟೋದು ನಮ್ಮ ಖಾನಾಪುರ ತಾಲ್ಲೂಕಿನ ದೇಗಾಂವದಲ್ಲಿ, ಮಜಾ ಮಾಡೋದು ಮಾತ್ರ ಗೋವಾದವರಾ? 2018ರಲ್ಲಿ ನ್ಯಾಯಮಂಡಳಿ 13.42 ಟಿಎಂಸಿ ಕೊಟ್ಟಿದೆ, ಕಳಸಾ ಬಂಡೂರಿ ಮಾತ್ರ ಇನ್ನೂ...

ನಿರ್ವಾಹಕ · 2:14

ಕಳಸಾ ಬಂಡೂರಿಗೆ ಬೇರೆ ಎಳೆ ಇದೆ. ಅದು 340 ಉತ್ತರ ದಾಟಿದೆ. ದಯವಿಟ್ಟು ಅಲ್ಲಿಗೆ ಹೋಗಿ.

ಖಾನಾಪುರ_ಕಾಡುಪಾಪ · 2:30

ಮಹದಾಯಿಯ ಮೇಲಿನ ಭಾಗ ಭೀಮಗಡ ವನ್ಯಜೀವಿ ಧಾಮದೊಳಗೆ ಬರುತ್ತೆ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಾಲಿಡಬೇಡಿ. ಮುಂದೆ ವಜ್ರಪೋಹ ಜಲಪಾತ ಬೇರೆ ಇದೆ, ಕಯಾಕಿನಲ್ಲಿ ಹೋದರೆ ನೇರ ಕೈಲಾಸ. ಕೆಳಗೆ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, ವಾಳಪೈ ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೈಡ್ ಜೊತೆ ರಾಫ್ಟಿಂಗ್ ಇದೆ. ಸುಮಾರು 10 ಕಿ.ಮೀ., 2-3ನೇ ದರ್ಜೆ. ಬೆಳಗಾವಿಯಿಂದ ಚೋರ್ಲಾ ಘಟ್ಟ ಇಳಿದರೆ ಆಯಿತು. ಬೆಳಿಗ್ಗೆ ನಾನೇ ಜಗಳಕ್ಕೆ ನಿಂತಿದ್ದೆ, ಆದರೆ ಬಾಳೆದಿಂಡು ಓದಿದ ಮೇಲೆ ನನಗೂ ಇದೇ ಸರಿ ಅನ್ನಿಸುತ್ತಿದೆ.

ಟಿಳಕವಾಡಿ_ಹುಡುಗ · ಭಾನುವಾರ, ರಾತ್ರಿ 8:15

ಇವತ್ತು ನಾನು ಮತ್ತು ಒಬ್ಬ ಗೆಳೆಯ ಬೈಕ್ ತಗೊಂಡು ದಂಡೆಗುಂಟ ಹೋಗಿ ಬಂದೆವು. ಪೂರ್ತಿ ನೋಡಲು ಆಗಲಿಲ್ಲ, ಅರ್ಧ ಕಡೆ ದಾರಿಯೇ ಇಲ್ಲ. ಅದೇ ಮೊದಲ ಪಾಠ: ಏನಾದರೂ ಆದರೆ ಗಾಡಿ ಬರೋಕೆ ಆಗಲ್ಲ, ಫೋನ್ ಸಿಗ್ನಲ್ಲೂ ಇಲ್ಲ.

ನೋಡಿದಷ್ಟರಲ್ಲಿ ಒಂದು ಬಾಂದಾರ, ಎರಡು ತಗ್ಗು ಸೇತುವೆ. ಒಂದು ಸೇತುವೆಯ ಕಂಬಕ್ಕೆ ಹೋದ ವರ್ಷದ ಇಡೀ ಮರ ಸಿಕ್ಕಿಕೊಂಡಿದೆ, ಬೇರು ಸಮೇತ. ಇನ್ನೊಂದು ಕಡೆ ಯಾರೋ ಹೊಳೆಗೆ ಅಡ್ಡ ತಂತಿ ಎಳೆದಿದ್ದಾರೆ. ನೀರು ಏರಿದರೆ ಸರಿಯಾಗಿ ಕುತ್ತಿಗೆ ಮಟ್ಟಕ್ಕೆ ಬರುತ್ತೆ. ಮ್ಯಾಪಿನಲ್ಲಿ ಇದ್ಯಾವುದೂ ಇರಲಿಲ್ಲ.

ಹಬ್ಬನಹಟ್ಟಿಯ ಮಾರುತಿ ಗುಡಿಗೂ ಹೋಗಿದ್ದೆವು. ಮಳೆಗಾಲದಲ್ಲಿ ಗುಡಿ ಮುಳುಗುತ್ತಲ್ಲ, ನೀರು ಎಲ್ಲಿಯತನಕ ಬರುತ್ತೆ ಅಂತ ಅಲ್ಲಿದ್ದ ಒಬ್ಬ ಅಜ್ಜ ಕೈ ಮಾಡಿ ತೋರಿಸಿದರು. ನನ್ನ ತಲೆಗಿಂತ ಮೇಲೆ. ಆಮೇಲೆ ಗೆಳೆಯನೇ ಹೇಳಿದ, ವಾಳಪೈಗೆ ಫೋನ್ ಮಾಡು ಅಂತ.

ಕಯಾಕ್‌ಗಳನ್ನು ಮಾರಲ್ಲ. ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಕಲಿಯಬಹುದಾ?

ಬಾಂದಾರ_ಮಾಮಾ · 8:30

ಮೊದಲು ಅನುಮತಿ ಕೇಳು. ಗೇಟಿನ ಹತ್ತಿರ ಸುಳಿಯಬೇಡ. ಬೈಕ್ ಹತ್ತಿ ನೋಡಿ ಬಂದಿದ್ದಕ್ಕೆ ಶಹಬ್ಬಾಸ್.

ಹುಟ್ಟುಗೋಲು · 8:45

ಹಿನ್ನೀರಿನಲ್ಲಿ ಕಲಿಯೋದಾದರೆ ಬೇಕಂತಲೇ ನೂರು ಸಲ ಮಗುಚಿಕೊಂಡು ಮತ್ತೆ ಹತ್ತೋದು ಕಲಿಯಿರಿ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಜಲಸಾಹಸದ ತರಬೇತಿ ಕೊಡುತ್ತೆ, ವಿಚಾರಿಸಿ. ಮುಂದೆ ಯಾವತ್ತಾದರೂ ನೀವೇ ಹೊಳೆಗೆ ಇಳಿದರೆ ಮೂರು ದೋಣಿಗಿಂತ ಕಡಿಮೆ ಬೇಡ. ಒಂದು ಮಗುಚಿದರೆ ಒಂದು ಎತ್ತಲು, ಇನ್ನೊಂದು ಸುದ್ದಿ ಮುಟ್ಟಿಸಲು. ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗೆ ಹೇಳಿರಿ, ಇಂಥಾ ಹೊತ್ತಿಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಅಂತ. ನೀರು ಕೆಂಪಾಗಿ ಎಲೆ, ಕಡ್ಡಿ ತೇಲಿ ಬರಲು ಶುರುವಾದರೆ ಹೊಳೆ ಏರುತ್ತಿದೆ ಅಂತ ಅರ್ಥ. ಆಗ ಊಟ ಅರ್ಧಕ್ಕೇ ಬಿಟ್ಟು ಎದ್ದುಬಿಡಿ.

ಕರದಂಟು_ಪ್ರಿಯ · 9:00

ಊಟ ಅಂದ್ರಲ್ಲ, ನೆನಪಾಯಿತು. ಚೀಲದಲ್ಲಿ ಬಿಸ್ಕತ್ತು ಇಡಬೇಡಿ. ಗೋಕಾಕದ ಕರದಂಟು ಇಡಿ. ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ. ಒಂದು ತುಂಡು ತಿಂದರೆ ಎರಡು ತಾಸು ಹುಟ್ಟು ಹಾಕಬಹುದು.

ಬಾದಾಮಿ_ಬಂಡೆ · 9:02

ಕರದಂಟು ಅಂದರೆ ಅಮೀನಗಡದ್ದು. ಗೋಕಾಕದವರು ಜಲಪಾತ ನೋಡಿಕೊಂಡಿರಲಿ.

ಕರದಂಟು_ಪ್ರಿಯ · 9:03

ಇದನ್ನು ಹಾಗೇ ಬಿಡಲ್ಲ ನಾನು.

ನಿರ್ವಾಹಕ · 9:10

ಕರದಂಟಿಗೂ ಬೇರೆ ಎಳೆ ಇದೆ.

ಟಿಳಕವಾಡಿ_ಹುಡುಗ · ಜುಲೈ, ಎರಡನೇ ಶನಿವಾರ, ಸಂಜೆ 6:20

ಎಲ್ಲರಿಗೂ ವರದಿ. ಬೆಳಿಗ್ಗೆ ಐದಕ್ಕೆ ಹೊರಟೆವು, ಚೋರ್ಲಾದಲ್ಲಿ ಮಂಜು, ಮಳೆ. ವಾಳಪೈ ಮುಟ್ಟಿದರೆ ಗೈಡ್ ನದಿ ದಂಡೆಯಲ್ಲೇ ನಿಂತಿದ್ದರು. ರಾತ್ರಿ ನೀರು ಏರಿದೆ, ಇವತ್ತು ಇಳಿಸಲ್ಲ ಅಂದರು. ದುಡ್ಡು ವಾಪಸ್ ಕೊಟ್ಟರು. ನಮ್ಮಲ್ಲಿ ಒಬ್ಬ ಸಿಕ್ಕಾಪಟ್ಟೆ ಜಗಳ ಆಡಿದ, ಆಮೇಲೆ ನೀರು ನೋಡಿ ಸುಮ್ಮನಾದ. ಬರುವಾಗ ಹಬ್ಬನಹಟ್ಟಿಗೆ ಹೋಗಿದ್ದೆವು. ಗುಡಿಯ ತುದಿ ಮಾತ್ರ ಕಾಣ್ತಿತ್ತು. ಅಲ್ಲೇ ಗಾಡಿಯಲ್ಲಿ ಕೂತು ಕರದಂಟು ಖಾಲಿ ಮಾಡಿದೆವು.

ಕರದಂಟು_ಪ್ರಿಯ · 6:24

ಗೋಕಾಕದ್ದಾ, ಅಮೀನಗಡದ್ದಾ?

ಟಿಳಕವಾಡಿ_ಹುಡುಗ · 6:25

ಅಮೀನಗಡದ್ದು.

ಕರದಂಟು_ಪ್ರಿಯ · 6:25

ಅದಕ್ಕೇ ನೀರು ಏರಿದ್ದು.